ಒಂಬತ್ತು ಮಡಕೆ, ಒಂದೇ ಗಂಜಿ

“ಗುರುಗಳೇ, ನಾನು ಬರೆದ ಹೆಸರು ಒಂದು ವಾರವೂ ನಿಲ್ಲುವುದಿಲ್ಲ. ಏಕೆ?” ಎಂದು ಕೊಟ್ರಯ್ಯ ಕೇಳಿದನು.

ಕೊಟ್ರಯ್ಯನು ಆ ಗುರುಗಳ ಬಳಿ ವೈದ್ಯ ಕಲಿಯಲು ಬಂದು ಎರಡು ವರ್ಷವಾಗಿತ್ತು. ಕೀವು ತುಂಬಿದ ಗಾಯವನ್ನು ಮಾಯಿಸುವ ಬೂಷ್ಟುಗಳನ್ನು ಅಲ್ಲಿ ಬೆಳೆಸುತ್ತಿದ್ದರು. ಬೂಷ್ಟು ಎಂದರೆ ಬೇರೇನಲ್ಲ, ಹಳಸಿದ ರೊಟ್ಟಿಯ ಮೇಲೆ, ಕೊಳೆತ ಹಣ್ಣಿನ ಮೇಲೆ ನಾವೆಲ್ಲ ನೋಡಿರುವುದೇ. ಆದರೆ ಬೂಷ್ಟೆಲ್ಲ ಮದ್ದಲ್ಲ. ಕೆಲವು ಗಾಯವನ್ನು ಮಾಯಿಸುತ್ತವೆ, ಕೆಲವು ಏನೂ ಮಾಡುವುದಿಲ್ಲ, ಕೆಲವು ಕೆಡಿಸುತ್ತವೆ. ಆದ್ದರಿಂದ ಅವುಗಳನ್ನು ಬೇರೆ ಬೇರೆ ಮಾಡಿ, ಗುರುತಿಸಿ, ಮಡಕೆಯ ಮೇಲೆ ಹೆಸರು ಬರೆದಿಡಬೇಕು. ಆ ಕೆಲಸ ಕೊಟ್ರಯ್ಯನದು.

ಮಾರನೆಯ ಬೆಳಗ್ಗೆ ಹೊಳೆಯಾಚೆಯ ಊರಿನ ವೈದ್ಯರು ಮದ್ದಿನ ಬೂಷ್ಟನ್ನು ಒಯ್ಯಲು ಬರುವವರಿದ್ದರು. ಅದು ಕಲ್ಲು ಒಡೆಯುವವರ ಊರು. ಅಲ್ಲಿ ಗಾಯವಿಲ್ಲದ ಕೈ ಅಪರೂಪ. ಅವರಿಗೆ ಯಾವ ಮಡಕೆಯನ್ನು ಕೊಡಬೇಕು ಎಂಬುದನ್ನು ಕೊಟ್ರಯ್ಯ ಅಂದೇ ಗುರುತು ಮಾಡಿಡಬೇಕಿತ್ತು.

ಅವನಿಗೆ ಅದೇ ಆಗುತ್ತಿರಲಿಲ್ಲ. ಸೋಮವಾರ ‘ಹಸಿರು’ ಎಂದು ಬರೆದ ಮಡಕೆ ಶನಿವಾರ ಬೂದಿಯ ಬಣ್ಣಕ್ಕೆ ತಿರುಗಿತ್ತು. ‘ಬಿಳಿ’ ಎಂದು ಬರೆದದ್ದು ಹಸಿರಾಗಿತ್ತು. ಬರೆದು ಅಳಿಸಿ, ಅಳಿಸಿ ಬರೆದು, ಮಡಕೆಗಳ ಮೈಯೆಲ್ಲ ಸುಣ್ಣದ ಕಲೆ. ತನ್ನ ಕಣ್ಣು ಸುಳ್ಳು ಹೇಳುತ್ತಿದೆಯೋ, ಬೂಷ್ಟು ಸುಳ್ಳು ಹೇಳುತ್ತಿದೆಯೋ, ಅದೂ ಅವನಿಗೆ ತಿಳಿಯಲಿಲ್ಲ.

ಗುರುಗಳು ಮಡಕೆಗಳ ಕಡೆ ನೋಡಲಿಲ್ಲ. ಅವನನ್ನು ಕೂರಿಸಿಕೊಂಡು ಈ ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ವೈದ್ಯನಿದ್ದನು. ಅವನ ಬಳಿ ಒಂದು ಬೂಷ್ಟು ಇತ್ತು. ಜೋಳದ ರೊಟ್ಟಿಯ ಮೇಲೆ ಅದು ಗಿಳಿಯ ಹಸಿರಿನಲ್ಲಿ ಬೆಳೆಯುತ್ತಿತ್ತು. ಅದನ್ನು ನೆನೆಸಿದ ನೀರನ್ನು ಗಾಯಕ್ಕೆ ಹಾಕಿದರೆ ಕೀವು ನಿಲ್ಲುತ್ತಿತ್ತು. ವೈದ್ಯನು ಅದಕ್ಕೆ ಹೆಸರಿಟ್ಟಿರಲಿಲ್ಲ. ಇದ್ದದ್ದು ಒಂದೇ ಮಡಕೆ, ಅದನ್ನು ಮುಟ್ಟುವವನೂ ಒಬ್ಬನೇ. ಹೆಸರು ಯಾರಿಗೆ ಬೇಕು?

ಒಂದು ದಿನ ವೈದ್ಯ ತೀರಿಕೊಂಡನು. ಅವನ ಶಿಷ್ಯನೊಬ್ಬನು ಉಳಿದನು.

ಶಿಷ್ಯನಿಗೆ ಭಯ ಹಿಡಿಯಿತು. ಇರುವುದು ಒಂದೇ ಮಡಕೆ, ಅದು ಕೆಟ್ಟರೆ ಗತಿಯೇನು? ಅದಕ್ಕಾಗಿ ಅವನು ಆ ಬೂಷ್ಟನ್ನು ಒಂಬತ್ತು ಮಡಕೆಗಳಲ್ಲಿ ಹಾಕಿಟ್ಟನು. ಮನೆಯಲ್ಲಿ ಏನು ಸಿಕ್ಕಿತೋ ಅದರ ಮೇಲೆ ಹಾಕಿದನು. ಒಂದರಲ್ಲಿ ರೊಟ್ಟಿ, ಒಂದರಲ್ಲಿ ಅನ್ನ, ಒಂದರಲ್ಲಿ ಬೆಲ್ಲದ ನೀರು, ಒಂದರಲ್ಲಿ ಕರಬೂಜದ ಹೋಳು, ಒಂದರಲ್ಲಿ ಕೊಬ್ಬರಿ, ಹೀಗೆ. ಒಂದು ಹೋದರೆ ಇನ್ನೊಂದು ಉಳಿಯಲಿ ಎಂಬುದು ಅವನ ಲೆಕ್ಕ. ಆ ಲೆಕ್ಕ ತಪ್ಪೆಂದು ಹೇಳಲಾಗದು. ಆದರೆ ಬಾಯಿ ತೆರೆದ ಮಡಕೆಗೆ ಗಾಳಿ ಬೇರೆ ಬೂಷ್ಟನ್ನೂ ತಂದು ಹಾಕುತ್ತದೆ ಎಂಬುದು ಅವನಿಗೆ ಹೊಳೆಯಲಿಲ್ಲ.

ತಿಂಗಳು ಕಳೆಯಿತು. ಒಂಬತ್ತು ಮಡಕೆಯಲ್ಲಿ ಒಂಬತ್ತು ಬಣ್ಣ ಕಂಡಿತು. ಶಿಷ್ಯನು ಗೊಂದಲಕ್ಕೆ ಬಿದ್ದನು. ಗೊಂದಲ ಕಳೆಯಲೆಂದು ಒಂಬತ್ತಕ್ಕೂ ಹೆಸರಿಟ್ಟನು. ಹಾಲು, ಅರಿಶಿನ, ನವಿಲು, ಬೂದಿ, ಗಿಳಿ, ಇನ್ನೂ ನಾಲ್ಕು. ಹೆಸರಿಟ್ಟ ಮೇಲೆ ಎಲ್ಲ ತಿಳಿದಂತೆ ಅನ್ನಿಸಿತು. ಅಂದು ಅವನು ಚೆನ್ನಾಗಿ ನಿದ್ದೆ ಮಾಡಿದನು.

ಆಗ ಒಬ್ಬ ಕುಂಬಾರ ಬಂದನು. ಮಣ್ಣು ನಾದುವಾಗ ಒಡೆದ ಮಡಕೆಯ ಚೂರು ಚುಚ್ಚಿ ಅವನ ಬಲಗೈಯ ಕಿರುಬೆರಳು ಬಾತುಕೊಂಡಿತ್ತು. ಬಾವು ಅಂಗೈಗೆ ಇಳಿಯುತ್ತಿತ್ತು. ಕೈ ಹೋದರೆ ಮಡಕೆ ಮಾಡುವ ತಿಗರಿ ತಿರುಗದು. ತಿಗರಿ ತಿರುಗದಿದ್ದರೆ ಒಲೆ ಉರಿಯದು.

ಶಿಷ್ಯನು ತಡಮಾಡಲಿಲ್ಲ. ತನ್ನ ಗುರುವಿನ ಮದ್ದು ಗಿಳಿಯ ಹಸಿರು, ತಾನು ‘ಗಿಳಿ’ ಎಂದು ಬರೆದ ಮಡಕೆಯೂ ಗಿಳಿಯ ಹಸಿರು. ಇನ್ನೇನು ಬೇಕು? ಅದರ ನೀರನ್ನು ಹಾಕಿ ಮೂರು ದಿನ ಕಟ್ಟಿದನು. ನಾಲ್ಕನೆಯ ದಿನ ಬಟ್ಟೆ ಬಿಚ್ಚಿದರೆ ಬೆರಳು ಕಪ್ಪಾಗಿತ್ತು. ಕ್ಷೌರಿಕನನ್ನು ಕರೆಸಿ ಬೆರಳನ್ನು ತೆಗೆಸಬೇಕಾಯಿತು. ಬೆರಳು ಹೋದರೂ ಅಂಗೈಯ ಬಾವು ಹೋಗಲಿಲ್ಲ.

ಕುಂಬಾರ ಹಲ್ಲು ಕಚ್ಚಿ ಕೂತು ಹೇಳಿದನು: “ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅಂತಾರೆ. ನಿಮ್ಮ ಗಿಳಿಗೆ ಮೂರು ದಿನ ಹಿಡೀತು. ಏನೋ, ನಿಧಾನದ ಗಿಳಿ.”

ಶಿಷ್ಯನು ನಾಚಿ, ಒಂಬತ್ತು ಮಡಕೆಯನ್ನೂ ತಂದು ಅವನ ಮುಂದಿಟ್ಟು, ಒಂದೊಂದರ ಹೆಸರನ್ನೂ ಅದರಲ್ಲಿ ಏನು ಹಾಕಿದ್ದೆನೆಂಬುದನ್ನೂ ಹೇಳಿದನು. ಕುಂಬಾರ ಹೆಸರುಗಳನ್ನು ಕೇಳಿಸಿಕೊಳ್ಳಲಿಲ್ಲ. ಮಡಕೆಯೊಳಗೆ ಬಗ್ಗಿ ನೋಡಿದನು.

“ಪಂಡಿತರೇ, ನಮ್ಮ ಮನೇಲಿ ಕೆಂಪು ಗಡಿಗೆಯೂ ಇದೆ, ಕರಿ ಗಡಿಗೆಯೂ ಇದೆ. ಎರಡೂ ಒಂದೇ ಕೆರೆಯ ಮಣ್ಣು. ಗಾಳಿಯಾಡೋ ಆವಿಗೆಯಲ್ಲಿ ಸುಟ್ಟರೆ ಕೆಂಪು, ಬಾಯಿ ಮುಚ್ಚಿ ಹೊಗೆಯಲ್ಲಿ ಸುಟ್ಟರೆ ಕಪ್ಪು. ಎರಡು ಮಣ್ಣು ಬೇರೆಯೋ ಒಂದೋ ತಿಳೀಬೇಕಾದರೆ ನಾವು ಬಣ್ಣ ಕೇಳೋದಿಲ್ಲ. ಎರಡನ್ನೂ ಒಂದೇ ಆವಿಗೆಯಲ್ಲಿ, ಒಂದೇ ದಿನ ಸುಡುತ್ತೇವೆ.”

“ನಾನು ಯಾವುದನ್ನೂ ಸುಟ್ಟಿಲ್ಲವಲ್ಲ” ಎಂದನು ಶಿಷ್ಯ. ಅವನಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ.

“ಸುಟ್ಟಿಲ್ಲ, ಉಣಿಸಿದ್ದೀರಿ. ಒಂದಕ್ಕೆ ಬೆಲ್ಲ, ಒಂದಕ್ಕೆ ಕೊಬ್ಬರಿ. ನಿಮ್ಮ ಮನೇಲಿ ಹೆಸರು ಜಾಸ್ತಿ ಸ್ವಾಮಿ, ಮದ್ದು ಕಡಿಮೆ.”

ಅಂದೇ ಶಿಷ್ಯನು ಒಂದೇ ಪಾತ್ರೆಯಲ್ಲಿ ಅಕ್ಕಿಯ ಗಂಜಿ ಕಾಯಿಸಿದನು. ಒಂಬತ್ತು ತಟ್ಟೆಗಳನ್ನು ನೀರಿನಲ್ಲಿ ಕುದಿಸಿ, ಗಂಜಿಯನ್ನು ಸಮವಾಗಿ ಹೊಯ್ದನು. ಸೂಜಿಯನ್ನು ಬೆಂಕಿಗೆ ಹಿಡಿದು, ಆರಿಸಿ, ಒಂದು ಮಡಕೆಯ ಬೂಷ್ಟನ್ನು ಒಂದು ತಟ್ಟೆಗೆ ಚುಚ್ಚಿದನು. ಪ್ರತಿ ಸಲವೂ ಸೂಜಿಯನ್ನು ಸುಟ್ಟನು. ಇಲ್ಲದಿದ್ದರೆ ಒಂದರ ಬೂಷ್ಟು ಇನ್ನೊಂದಕ್ಕೆ ಹೋಗುತ್ತದೆ. ಒಂಬತ್ತನ್ನೂ ಮುಚ್ಚಿ ಒಂದೇ ನೆರಳಿನಲ್ಲಿಟ್ಟನು. ಕುಂಬಾರನ ಕೈಯನ್ನು ದಿನವೂ ಬಿಸಿ ಉಪ್ಪುನೀರಿನಲ್ಲಿ ತೊಳೆದನು. ಬೇರೆ ಉಪಾಯವಿರಲಿಲ್ಲ. ಬಾವು ಕಡಿಮೆಯಾಗಲಿಲ್ಲ, ಮಣಿಕಟ್ಟನ್ನು ದಾಟಲೂ ಇಲ್ಲ.

ಮೂರನೆಯ ದಿನ ಒಂಬತ್ತು ತಟ್ಟೆಯೂ ಬೆಳ್ಳಗಾದವು. ಶಿಷ್ಯನು ಸುಣ್ಣದ ಕಡ್ಡಿ ತೆಗೆದುಕೊಂಡು ‘ಎಲ್ಲವೂ ಒಂದೇ’ ಎಂದು ಬರೆಯಹೊರಟನು. ಕುಂಬಾರ ಅವನ ಕೈ ಹಿಡಿದನು.

“ಹಸಿ ಮಡಕೆಗಳೆಲ್ಲ ಒಂದೇ ಬಣ್ಣ. ತಾಳಿ.”

ಶಿಷ್ಯನು ತಾಳಿದನು. ಏಳನೆಯ ದಿನ ಒಂಬತ್ತು ಬಗೆಯದೆಂದುಕೊಂಡದ್ದು ಮೂರೇ ಬಗೆಯಾಗಿ ನಿಂತಿತು. ಒಂದು ತಟ್ಟೆ ಕಪ್ಪಾಗಿತ್ತು. ಮಿಕ್ಕ ಎಂಟೂ ಗಿಳಿಯ ಹಸಿರು. ಆದರೆ ಆ ಎಂಟರಲ್ಲಿ ಐದು ಬೆವರುತ್ತಿದ್ದವು. ಅವುಗಳ ಮೈಮೇಲೆ ಜೇನಿನ ಬಣ್ಣದ ಸಣ್ಣ ಹನಿಗಳಿದ್ದವು. ಮೂರು ಒಣಗಿದ್ದವು. ಯಾವುದು ಮದ್ದು? ಶಿಷ್ಯನಿಗೆ ಮತ್ತೆ ತಲೆ ಕೆಟ್ಟಿತು. ಈ ಸಲ ಅವನು ಹೆಸರಿಡಲಿಲ್ಲ. ಕುಂಬಾರನ ಗಾಯದ ಕೀವನ್ನು ತೆಗೆದು ಎಂಟು ತಟ್ಟೆಗಳ ಗಂಜಿಗೂ ಹಚ್ಚಿ, ಇನ್ನೆರಡು ದಿನ ಕಾದನು. ಒಣ ಬೂಷ್ಟಿನ ಬುಡದವರೆಗೂ ಕೀವು ಹರಡಿತು. ಬೆವರುವ ಬೂಷ್ಟಿನ ಸುತ್ತ ಮಾತ್ರ, ಗುಡಿಸಿದ ಅಂಗಳದಂತೆ, ಬಳೆಯಷ್ಟಗಲ ಗಂಜಿ ಶುದ್ಧವಾಗಿ ಉಳಿಯಿತು. ಕೀವು ಅದರೊಳಗೆ ಕಾಲಿಡಲಿಲ್ಲ.

ಆಮೇಲೆ ಶಿಷ್ಯನು ಹಳೆಯ ಮಡಕೆಗಳನ್ನು ನೋಡಿದನು. ಹಾಲು, ಅರಿಶಿನ, ನವಿಲು, ಬೂದಿ ಎಂದು ಅವನು ಕರೆದವುಗಳೆಲ್ಲ ಆ ಬೆವರುವ ಬೂಷ್ಟೇ ಆಗಿದ್ದವು. ಕರಬೂಜ ತಿಂದು ಬಿಳಿಯಾಗಿತ್ತು, ಬೆಲ್ಲ ಕುಡಿದು ಹಳದಿಯಾಗಿತ್ತು, ರೊಟ್ಟಿಯ ಮೇಲೆ ಮುದಿಯಾಗಿ ಬೂದಿಯಾಗಿತ್ತು. ಅವನು ‘ಗಿಳಿ’ ಎಂದದ್ದು ಮಾತ್ರ ಕೊಬ್ಬರಿಯ ಮೇಲೆ ಗಾಳಿ ತಂದು ಹಾಕಿದ ಒಣ ಬೂಷ್ಟು.

ಬೆವರುವ ಬೂಷ್ಟಿನ ನೀರನ್ನು ಹಾಕಿ ಕಟ್ಟಿದ ಮೇಲೆ ಕುಂಬಾರನ ಅಂಗೈ ಉಳಿಯಿತು. ಅವನು ಮತ್ತೆ ತಿಗರಿಯ ಮುಂದೆ ಕೂತನು. ಅಂದಿನಿಂದ ಅವನ ಗಡಿಗೆಗಳ ಮೈಮೇಲೆ ಬಲಗೈಯ ನಾಲ್ಕೇ ಬೆರಳಿನ ಗುರುತು.

ಇಷ್ಟು ಹೇಳಿ ಗುರುಗಳು ನಿಲ್ಲಿಸಿದರು.

ಕೊಟ್ರಯ್ಯ ತನ್ನ ಮಡಕೆಗಳ ಕಡೆ ತಿರುಗಿದನು. ಒಂದರಲ್ಲಿ ಅನ್ನವಿತ್ತು, ಒಂದರಲ್ಲಿ ಹಲಸಿನ ತೊಳೆ, ಒಂದರಲ್ಲಿ ನಿನ್ನೆಯ ಮುದ್ದೆ. ಯಾವುದನ್ನು ಎಂದು ಹಾಕಿದ್ದೆ ಎಂಬುದೂ ಅವನಿಗೆ ನೆನಪಿರಲಿಲ್ಲ. ಅರ್ಧ ತಿಳಿದಂತಾಯಿತು, ಅರ್ಧ ಇನ್ನೂ ಗೋಜಲಾಯಿತು. ಸುಣ್ಣದ ಕಡ್ಡಿ ಕೈಯಲ್ಲೇ ಇತ್ತು.

“ಗುರುಗಳೇ, ತಪ್ಪು ಕಣ್ಣಿನದಲ್ಲ, ಉಣಿಸಿದ್ದರದು ಎಂದು ತಿಳಿಯಿತು. ಆದರೆ ಒಂಬತ್ತು ದಿನ ನಾನು ಎಲ್ಲಿಂದ ತರಲಿ? ವೈದ್ಯರು ನಾಳೆ ಬೆಳಗ್ಗೆಯೇ ಬಾಗಿಲಿಗೆ ಬರುತ್ತಾರೆ. ಅವರನ್ನು ಬರಿಗೈಯಲ್ಲಿ ಕಳಿಸುವುದು ಹೇಗೆ? ಇದೊಂದು ಸಲ, ಮೇಲುನೋಟಕ್ಕೆ ಕಂಡದ್ದನ್ನೇ ಬರೆದುಬಿಡಲೇ?”

ಗುರುಗಳು ಹೇಳಿದರು: “ಹೊಳೆಯಾಚೆಯ ಊರಿನಲ್ಲಿ ಎಷ್ಟು ಬೆರಳುಗಳಿವೆ ಎಂದು ಮೊದಲು ಎಣಿಸಿಕೊಂಡು ಬಾ, ಆಮೇಲೆ ಬರೆ.”