ಏಳನೆಯ ಬುರುಜಿಗೆ ಕೇಳಿಸಿದ ಬಿಲ್ಲೆ

"ಕೇಳಿರಿ, ಗುಡುಗೂರಿನ ಪ್ರಜೆಗಳೇ. ರಾಜಕುಮಾರಿ ಹೇಮಲೇಖೆಯ ಕೈಯಲ್ಲಿರುವ ಕಾಸಿನಗಲದ ಹಿತ್ತಾಳೆ ಬಿಲ್ಲೆಯ ದನಿ ಏಳನೆಯ ಬುರುಜಿಗೆ ಕೇಳಿಸಬೇಕು. ಆಕೆಯ ಮೂರು ಒಗಟು ಬಿಡಿಸಿ ಹಾಗೆ ಕೇಳಿಸಿದವನು ಬೇಡಿದ್ದನ್ನು ಪಡೆಯುತ್ತಾನೆ. ತಪ್ಪಿದವನ ತಲೆ ಅದೇ ಬುರುಜಿನಲ್ಲಿ ಉರುಳುತ್ತದೆ."

ಡಂಗುರದ ಅಬ್ಬರಕ್ಕೆ ಪಕ್ಕದ ರಾಜ್ಯದ ಎಮ್ಮೆಗಳು ಮೂರು ದಿನ ಹಾಲು ಕೊಡಲಿಲ್ಲ. ಇದು ಸ್ವಲ್ಪ ಇಳಿಸಿಯೇ ಹೇಳಿದ ಲೆಕ್ಕ. ಆ ರಾಜ್ಯದಲ್ಲಿ ಅರಸರೂ ಇದ್ದರು, ಬ್ಯಾಟರಿಯೂ ಇತ್ತು. ಯಾವ ಕಾಲ ಎಂದು ಮಾತ್ರ ಕೇಳಬಾರದು. ಬಿಲ್ಲೆಗೆ ಎರಡು ತಂತಿ, ತಂತಿಗೆ ಒಂದು ಸ್ವರಪೆಟ್ಟಿಗೆ. ಪೆಟ್ಟಿಗೆಯ ತಿರುಪು ತಿರುಗಿಸಿದರೆ ಬಿಲ್ಲೆ ಕುಂಯ್ ಎನ್ನುತ್ತಿತ್ತು, ಅಷ್ಟೇ.

ಕೋಟೆಯ ಕೆಳಗೆ ಕೆಟ್ಟ ಆಟಿಕೆ ರಿಪೇರಿ ಮಾಡುವ ಚೌಡ ಇದರ ಗೋಜಿಗೇ ಹೋಗುತ್ತಿರಲಿಲ್ಲ. ಆದರೆ ಅವನಣ್ಣ ಮಂಚ ಹಿಂದಿನ ದಿನ ಹೋಗಿ, ಮೊದಲ ಒಗಟಿಗೇ "ದೊಡ್ಡ ಬ್ಯಾಟರಿ" ಎಂದು ಎದೆ ತಟ್ಟಿ ಹೇಳಿ ಬುರುಜು ಸೇರಿದ್ದ. ಇಂದು ನೆತ್ತಿಗೆ ಸೂರ್ಯ ಬಂದರೆ ಕೊಡಲಿ ಬೀಳುತ್ತದೆ. ಚೌಡನ ಕಾಲು ನಿಂತಲ್ಲಿ ನಿಲ್ಲಲಿಲ್ಲ. ಅರಮನೆಯ ಮೆಟ್ಟಿಲು ಎರಡೆರಡೇ ಹತ್ತಿದ, ರಿಪೇರಿ ಚೀಲ ಮರೆತದ್ದು ನೆನಪಾಗಿ ಇಳಿದ, ಮತ್ತೆ ಹತ್ತಿದ.

ಒಳಗೆ ದಳಪತಿಯೂ ಮಂತ್ರಿಯ ಸೋದರಳಿಯನೂ ಸರದಿಯಲ್ಲಿದ್ದರು. ರಾಜಕುಮಾರಿ ಕೇಳಿದಳು: "ಬಯಲಲ್ಲಿ ನಿಂತರೆ ಪಿಸುಗುಡುತ್ತಾನೆ, ತಕ್ಕ ಮನೆಯಲ್ಲಿ ಕೂಡಿಟ್ಟರೆ ಊರಿಗೇ ಕೇಳುವಂತೆ ಕೂಗುತ್ತಾನೆ. ಅವನಿಗೆ ಎಂಥ ಮನೆ?"

ದಳಪತಿ ಅರಮನೆ ಎಂದ. ಭಟರು ಎಳೆದೊಯ್ದರು. ಸೋದರಳಿಯ ಇನ್ನೂ ದೊಡ್ಡದು ಹೇಳೋಣವೆಂದು ಸಾವಿರ ಕಂಬದ ಮಂಟಪ ಎಂದ. ಅವನನ್ನೂ ಎಳೆದೊಯ್ದರು. ಹೊರಗಿನ ಅಂಗಳದ ಕಂಬದ ನೆರಳು ಗೇಣಿಗಿಂತ ಗಿಡ್ಡವಾದದ್ದನ್ನು ಕಂಡು ಚೌಡ ಕರೆಯುವ ಮೊದಲೇ ಮುಂದೆ ಬಂದ.

"ಸುಣ್ಣದ ಡಬ್ಬಿ ಸಾಕು, ಅಮ್ಮಣ್ಣಿ. ಮುಚ್ಚಳಕ್ಕೆ ಒಂದು ಸಣ್ಣ ತೂತು."

ಸಭೆ ನಕ್ಕಿತು. ಅವಳು ನಗಲಿಲ್ಲ. "ನೂರು ಹೆಸರಿಂದ ಕರೆದರೂ ಗೊಣಗುತ್ತಾನೆ, ಒಂದು ಹೆಸರಿಗೆ ಮಾತ್ರ ಮೈಮರೆತು ಓಗೊಡುತ್ತಾನೆ. ಆ ಹೆಸರೇನು?"

"ಅವನ ಸ್ವಂತ ಸ್ವರ. ಒಂದೊಂದು ಬಿಲ್ಲೆಗೂ ಒಂದೊಂದು. ಬಾಯಲ್ಲಿ ಹೇಳೋಕಾಗಲ್ಲ, ತಿರುಪು ತಿರುಗಿಸಿ ಹುಡುಕಬೇಕು."

"ಇವನನ್ನು ಒಬ್ಬ ಕುಣಿಸುತ್ತಾನೆ. ಇನ್ನೊಬ್ಬ ಬಂದು ಪ್ರತಿಯೊಂದು ಹೆಜ್ಜೆಗೂ ಎದುರು ನಿಲ್ಲುತ್ತಾನೆ. ಕುಣಿತ ನಿಲ್ಲುವುದಿಲ್ಲ, ಎರಡರಷ್ಟಾಗುತ್ತದೆ. ಆ ಎದುರಾಳಿ ಯಾರು?"

ಎದುರು ನಿಂತರೆ ಹೆಚ್ಚುವುದು ಹೇಗೆ? ಚೌಡನಿಗೆ ಅಣ್ಣನ ಮುಖ ಕಣ್ಣಿಗೆ ಬಂತು; ಇಬ್ಬರೂ ಮರ ಕೊಯ್ಯುತ್ತಿದ್ದ ದಿನಗಳೂ ಬಂದವು.

"ಗರಗಸದ ಆಚೆ ತುದಿಯವನು," ಎಂದ. "ನಾನು ಈಚೆ ಎಳೆದರೆ ಅವನು ಬಿಡ್ತಾನೆ, ಅವನು ಆಚೆ ಎಳೆದರೆ ನಾನು ಬಿಡ್ತೀನಿ. ಬಿಲ್ಲೆಯ ಒಂದು ತಂತಿ ಕೆಲಸ ಮಾಡ್ತಿದೆ, ಇನ್ನೊಂದು ಸುಮ್ಮನೆ ಕೂತಿದೆ. ಅದನ್ನೂ ಎದುರು ತಾಳಕ್ಕೆ ಹಚ್ಚಬೇಕು."

ಮೂರೂ ಸರಿ ಎಂದಳು ರಾಜಕುಮಾರಿ. ಮಾತಲ್ಲ, ಬುರುಜಿಗೆ ಕೇಳಿಸಲಿ ಎಂದ ಮಹಾರಾಜ. ನೆರಳು ಎರಡು ಬೆರಳಿಗೆ ಬಂದಿತ್ತು.

ಚೌಡ ಚೀಲ ಸುರಿದ. ಹೂಂ ಎಂದರೆ ಉಹೂಂ ಎನ್ನುವ ಒಂದು ಆಟಿಕೆ ಚಿಪ್ ಹುಡುಕಿ ಎರಡನೆಯ ತಂತಿಗೆ ಸೇರಿಸಿದ. ನಡು ಅಲುಗಾಡಲು ಬಿಟ್ಟು ಬಿಲ್ಲೆಯ ಅಂಚಿಗಷ್ಟೇ ಅಂಟು ಹಚ್ಚಿ, ಆಸ್ಥಾನದ ಮುದುಕರೊಬ್ಬರ ಸುಣ್ಣದ ಡಬ್ಬಿಯ ಮುಚ್ಚಳಕ್ಕೆ ತೂತು ಕೊರೆದು ಒಳಗೆ ಕೂರಿಸಿದ. ಅವಸರಕ್ಕೆ ತಂತಿ ಎರಡು ಸಲ ಜಾರಿತು. ತಿರುಪು ತಿರುಗಿಸಿದ: ಕುಂಯ್. ಇನ್ನಷ್ಟು: ಕೀಂ. ಇನ್ನೊಂದು ಎಳೆಯಷ್ಟು ತಿರುಗಿಸಿದ್ದೇ ತಡ, ಮಹಾರಾಜನ ಮೀಸೆ ನೆಟ್ಟಗೆ ನಿಂತಿತು, ಮೋಡಗಳು ಹಿಂದಕ್ಕೆ ಸರಿದವು. ಏಳನೆಯ ಬುರುಜಿನಲ್ಲಿ ಎತ್ತಿದ್ದ ಕೊಡಲಿಯನ್ನು ಕೆಳಗೆಸೆದು ತಲೆ ಕಡಿಯುವ ಭಟ ಎರಡೂ ಕಿವಿ ಮುಚ್ಚಿಕೊಂಡ.

ಏನು ಬೇಕೆಂದು ಮಹಾರಾಜ ಕೈಸನ್ನೆಯಲ್ಲೇ ಕೇಳಿದ. ಚೌಡ ಬುರುಜಿನಲ್ಲಿದ್ದ ಮೂರು ತಲೆಗಳನ್ನು ಬೇಡಿದ, ಅವುಗಳ ಕುತ್ತಿಗೆಯ ಸಮೇತ. ಅರಮನೆಯಲ್ಲಿ ಅವನಿಗೊಂದು ಅಂಗಡಿಯನ್ನು ರಾಜಕುಮಾರಿ ತಾನಾಗಿ ಸೇರಿಸಿದಳು. ಮದುವೆಯ ಮಾತನ್ನು ಚೌಡ ಎತ್ತಲಿಲ್ಲ. ದಿನಾ ಒಗಟು ಬಿಡಿಸಿಕೊಂಡು ಯಾರು ಬಾಳುತ್ತಾರೆ?

ಮಂಚ ಬುರುಜಿಳಿದು ಬಂದ. ಚೌಡ ಅವನನ್ನು ತಬ್ಬಿಕೊಂಡು ಕೇಳಿದ, "ಅಣ್ಣಾ, ಅಲ್ಲಿಗೆ ಚೆನ್ನಾಗಿ ಕೇಳಿಸ್ತಾ?"

ಮಂಚ ಕಿವಿಯಲ್ಲಿ ಬೆರಳಾಡಿಸಿದ. "ಆಂ? ಸ್ವಲ್ಪ ಜೋರಾಗಿ ಹೇಳೋ."