ನೀರಿಗೆ ಗೋಡೆ ಕಟ್ಟಿದ ರಾಜ

ಬನ್ನಿ, ಹತ್ತಿರ ಕೂತ್ಕೊಳ್ಳಿ. ಹಿಂದಿರೋರಿಗೂ ಕೇಳಿಸಬೇಕು, ಗಲಾಟೆ ಬೇಡ.

ಒಂದು ರಾಜ್ಯ ಇತ್ತು. ಅದನ್ನು ತಿಮ್ಮಭೂಪ ಅನ್ನೋ ರಾಜ ಆಳುತ್ತಿದ್ದ. ಕೆಟ್ಟವನಲ್ಲ. ಪ್ರಜೆಗಳು ಅತ್ತರೆ ಅವನ ಕಣ್ಣಲ್ಲೂ ನೀರು ಬರುತ್ತಿತ್ತು. ಆದರೆ ಒಂದು ಚಾಳಿ ಇತ್ತು. ತೊಂದರೆ ಕಂಡ ಕೂಡಲೇ ಆಜ್ಞೆ ಮಾಡಿಬಿಡುತ್ತಿದ್ದ. ಯೋಚನೆ ಆಮೇಲೆ. ಕೆಲವು ಸಲ ಆಮೇಲೂ ಇಲ್ಲ.

ರಾಜಧಾನಿಯಲ್ಲಿ ಮೂರು ಕೇರಿ. ಹಳ್ಳದ ದಂಡೆಗೆ ಕುಂಬಾರರದು, ಅದರ ಮಗ್ಗುಲಿಗೆ ನೇಕಾರರದು, ಆಮೇಲೆ ಗಾಣಿಗರದು. ಗಾಣಿಗರ ಕೇರಿ ದಾಟಿದರೆ ಅರಮನೆ.

ಒಂದು ಮಳೆಗಾಲ. ಮಳೆಯೇನೋ ಪ್ರತಿ ವರ್ಷದಷ್ಟೇ ಬಂತು. ಆದರೆ ಎಂದೂ ಇಲ್ಲದ ಹಾಗೆ ಹಳ್ಳ ಉಕ್ಕಿ ಕುಂಬಾರ ಕೇರಿಗೆ ನುಗ್ಗಿತು. ಸುಡದೆ ಒಣಗಲಿಟ್ಟ ಮಡಕೆಯೆಲ್ಲ ಕರಗಿ ಮತ್ತೆ ಮಣ್ಣಾಯಿತು. ಕುಂಬಾರರು ಅರಮನೆ ಬಾಗಿಲಿಗೆ ಬಂದು ಅತ್ತರು. ರಾಜನೂ ಅತ್ತ. ಕಣ್ಣೊರೆಸಿಕೊಂಡು ಮಂತ್ರಿ ನಾಗರಸಯ್ಯನ ಮುಖ ನೋಡಿದ.

"ಏನು ಮಾಡೋಣ?"

"ಯೋಚನೆ ಯಾಕೆ ಪ್ರಭು? ಕೇರಿಗೊಂದು ಗೋಡೆ ಕಟ್ಟಿಸಿಬಿಡಿ."

ಡಂಗುರದ ಚೌಡಪ್ಪ ಊರೆಲ್ಲ ಸಾರಿದ: "ಕೇಳ್ರಪ್ಪೋ ಕೇಳ್ರಿ! ಕುಂಬಾರ ಕೇರಿಗೆ ಗೋಡೆ! ಮನೆಗೊಂದಾಳು ಬರಬೇಕು!" ಗೋಡೆ ಎದ್ದಿತು.

ಮರುವರ್ಷ ನೀರು ಗೋಡೆಗೆ ಬಡಿದು ಪಕ್ಕಕ್ಕೆ ತಿರುಗಿ ನೇಕಾರ ಕೇರಿಗೆ ನುಗ್ಗಿತು. ಮಗ್ಗದ ಕುಣಿಗಳೆಲ್ಲ ಬಾವಿಗಳಾದವು. ನೇಕಾರರು ಅತ್ತರು. ರಾಜನೂ ಅತ್ತ.

"ಇನ್ನೊಂದು ಗೋಡೆ ಪ್ರಭು," ಅಂದ ಮಂತ್ರಿ. ಚೌಡಪ್ಪ ಡಂಗುರ ಹೊಡೆದ. ಎರಡನೇ ಗೋಡೆ ಎದ್ದಿತು.

ಮೂರನೇ ವರ್ಷ ನೀರು ಎರಡೂ ಗೋಡೆಗೆ ಬಡಿದು ಗಾಣಿಗರ ಕೇರಿಗೆ ನುಗ್ಗಿತು. ಅಲ್ಲೊಂದು ಮುದಿ ಎತ್ತನ್ನು ಗಾಣಕ್ಕೆ ಕಟ್ಟಿದ್ದರು. ಕಣ್ಣಿಗೆ ಪಟ್ಟಿ. ಪಾಪ, ಎತ್ತ ಓಡಬೇಕು ಅಂತ ತಿಳಿಯದೆ ಗಾಣದ ಸುತ್ತಲೇ ಸುತ್ತಿ ಸುತ್ತಿ ಮುಳುಗಿಹೋಯಿತು. ಗಾಣಿಗರ ಹೆಂಗಸರು ಮನುಷ್ಯರು ಸತ್ತ ಹಾಗೆ ಅತ್ತರು. ರಾಜ ಎರಡು ದಿನ ಊಟ ಬಿಟ್ಟ. ಮೂರನೇ ದಿನ ಮೂರನೇ ಗೋಡೆ.

ನಾಲ್ಕನೇ ವರ್ಷ ನೀರಿಗೆ ಉಳಿದದ್ದು ಒಂದೇ ದಾರಿ. ಸೀದಾ ಅರಮನೆಗೆ ಬಂತು. ಅಡುಗೆಮನೆಯಲ್ಲಿ ಹಂಡೆಗಳು ತೇಲಿದವು. ರಾಣಿ ಅಟ್ಟ ಹತ್ತಿ ಕೂತಳು.

ಆಗ ನೋಡಿ, ರಾಜನ ತಲೆ ಗಿರ್ರಂತ ತಿರುಗಿತು. ಬೆಳಿಗ್ಗೆ ಒಂದು ಆಜ್ಞೆ: "ಮೂರೂ ಗೋಡೆ ಒಡೀರಿ!" ಮಧ್ಯಾಹ್ನ ಇನ್ನೊಂದು: "ಒಡೆದದ್ದನ್ನ ಕಟ್ಟಿ!" ಸಂಜೆ ಮತ್ತೊಂದು: "ಎಲ್ಲರೂ ಸೂರಿನ ಮೇಲೆ ವಾಸ ಮಾಡಿ!" ಚೌಡಪ್ಪ ಯಾವುದನ್ನು ಸಾರಬೇಕು ಅಂತ ತಿಳಿಯದೆ ಮೂರನ್ನೂ ಒಟ್ಟಿಗೇ ಸಾರಿದ. ಕುಂಬಾರರು ಒಡೆಯಬೇಡಿ ಅಂದರು, ನೇಕಾರರು ಒಡೆಯಲೇಬೇಕು ಅಂದರು, ಗಾಣಿಗರು ದೊಣ್ಣೆ ಹಿಡಿದು ಬಂದರು. ಯಾರು ಯಾರ ಮೇಲೆ ಯಾಕೆ ಸಿಟ್ಟಾಗಿದ್ದಾರೆ ಅನ್ನೋದೇ ಯಾರಿಗೂ ತಿಳಿಯದಾಯಿತು.

ಮಾರನೇ ದಿನ ರಾಜ ಸಭೆ ಕರೆದ. ಮೂರು ಕೇರಿಯವರೂ ಬಂದರು. ಅರಮನೆಯ ಬಟ್ಟೆ ಮಡಿ ಮಾಡುವ ಮುದುಕಿ ಸಂಕವ್ವನೂ ಗಂಟು ಹೊತ್ತು ಬಂದಿದ್ದಳು. ಅವಳು ಗಂಟು ಇಳಿಸಿ ಕೈಮುಗಿದಳು.

"ಬುದ್ಧೀ, ಒಂದು ಮಾತು. ನೀರು ಎಲ್ಲಿಗೆ ಬಂತು ಅಂತ ಎಲ್ಲರೂ ನೋಡಿದ್ರಿ. ಈ ನಾಲ್ಕು ವರ್ಷಕ್ಕೆ ಮುಂಚೆ ಅದು ಎಲ್ಲಿಗೆ ಹೋಗ್ತಿತ್ತು ಅಂತ ಯಾರಾದ್ರೂ ಕೇಳಿದ್ರಾ?"

ರಾಜ ಮಂತ್ರಿಯನ್ನು ನೋಡಿದ, ಮಂತ್ರಿ ಚಾವಣಿ ನೋಡಿದ.

"ಎಲ್ಲಿಗಮ್ಮಾ ಹೋಗ್ತಿತ್ತು?" ಅಂತ ಕೇಳಿದ ರಾಜ.

"ಊರಾಚೆ ಹಳೆಗೆರೆಗೆ, ಬುದ್ಧೀ. ಹೂಳು ತುಂಬಿ ಬೇಸಿಗೇಲಿ ಬಯಲಿನ ಹಾಗೆ ಕಾಣ್ತಿತ್ತು, ಅದಕ್ಕೇ ಜನ ಮರೆತರು. ಈಗ ಅಲ್ಲಿ ಮುಳ್ಳುಬೇಲಿ, ಬೇಲಿಯೊಳಗೆ ಆಳೆತ್ತರದ ಮಣ್ಣಿನ ಏರಿ, ಏರಿಯಾಚೆ ಮಂತ್ರಿಗಳ ಕಬ್ಬಿನ ತೋಟ. ಅವರ ಧೋತ್ರ ಒಗೆಯೋಳು ನಾನೇ. ಅಂಚಿಗೆಲ್ಲ ಕೆರೆಯ ಕಪ್ಪು ಜೇಡಿ. ಎಷ್ಟು ಉಜ್ಜಿದ್ರೂ ಹೋಗಲ್ಲ."

ನಾಗರಸಯ್ಯ ಗಹಗಹಿಸಿ ನಕ್ಕ. "ಕೊಳೆ ನೋಡಿ ರಾಜ್ಯಭಾರ ಮಾಡ್ತಾಳಂತೆ! ಪ್ರಭು, ಅದು ನಮ್ಮ ತಾತನ ಕಾಲದ ತೋಟ. ಎತ್ತರದ ಗಟ್ಟಿ ನೆಲ. ಕೆರೆಯೂ ಇಲ್ಲ, ಮಣ್ಣೂ ಇಲ್ಲ. ನಾಲ್ಕು ಮಳೆಗಾಲದಲ್ಲಿ ಅಲ್ಲಿ ಒಂದು ಹನಿ ನೀರು ನಿಂತಿಲ್ಲ."

ರಾಜ ಇವಳ ಮುಖ ನೋಡಿದ, ಅವನ ಮುಖ ನೋಡಿದ. ಯಾರನ್ನು ನಂಬಬೇಕು? ತಲೆ ಮತ್ತೆ ತಿರುಗತೊಡಗಿತು.

ಮಂತ್ರಿಯ ಮಾತಿನ ಮುಂದೆ ಬಟ್ಟೆ ಒಗೆಯುವವಳ ಮಾತು ನಿಲ್ಲುತ್ತಾ? ಸಂಕವ್ವ ಮೆಲ್ಲಗೆ ಅಂದಳು:

"ಸ್ವಾಮಿಯೋರು ಓದಿದೋರು, ಅವರ ಮಾತೇ ಸರಿ. ಹಾಗಾದ್ರೆ ಬುದ್ಧೀ, ಊರಿಗೆಲ್ಲ ಒಣಗಿರೋ ನೆಲ ಅದೊಂದೇ. ಅರಮನೆ ಅಲ್ಲೇ ಕಟ್ಟಿಸಿ. ನಾವು ಮೂರು ಕೇರಿಯೋರೂ ಅಲ್ಲೇ ಮಗ್ಗುಲಿಗೆ ಗುಡಿಸಲು ಹಾಕ್ಕೊಳ್ತೀವಿ."

ರಾಜ ಸಿಂಹಾಸನದಿಂದ ನೆಗೆದೇಬಿಟ್ಟ. "ಭಲೇ! ಚೌಡಪ್ಪ, ಡಂಗುರ ಹೊಡಿ! ನಾಳೆಯೇ ಕಬ್ಬು ಕಡಿದು ಬುನಾದಿ!"

ನಾಗರಸಯ್ಯನ ಮುಖ ಬಿಳಿಚಿಕೊಂಡಿತು. "ಬೇಡ ಪ್ರಭು, ಬೇಡ!"

"ಯಾಕಯ್ಯಾ?"

"ಅದು... ಅಲ್ಲಿ ಬುನಾದಿ ನಿಲ್ಲಲ್ಲ. ತಗ್ಗು ಪ್ರದೇಶ ಪ್ರಭು. ಮೊಳ ಅಗೆದರೆ ಜೌಗು. ಎಷ್ಟಾದರೂ ಕೆರೆಯಂಗಳ ಅಲ್ಲವೇ, ಅರಮನೆ ಕುಸಿದುಬೀಳುತ್ತೆ!"

ಮಾತು ಬಾಯಿಂದ ಜಾರಿತ್ತು. ಇನ್ನು ವಾಪಸು ಬರುವಂತಿರಲಿಲ್ಲ.

ರಾಜ ನಿಧಾನಕ್ಕೆ ಕೂತ. ಅಷ್ಟು ವರ್ಷದಲ್ಲಿ ಮೊದಲ ಸಲ ಅವನು ಒಂದೊಂದೇ ಮಾತನ್ನು ಜೋಡಿಸಿ ನೋಡಿದ.

"ಕೆರೆಯಂಗಳ ಅಂತೀಯ. ತಗ್ಗು ಅಂತೀಯ. ತಗ್ಗಿದ್ದಲ್ಲಿಗೆ ನೀರು ಹೋಗಬೇಕು. ಒಂದು ಹನಿಯೂ ನಿಂತಿಲ್ಲ ಅಂತ ಈಗ ತಾನೆ ನೀನೇ ಹೇಳಿದೆ. ಮತ್ತೆ ನೀರನ್ನ ತಡೆದದ್ದು ಏನು, ನಾಗರಸಯ್ಯ?"



ಎಲ್ಲರೂ ಕಬ್ಬಿನ ತೋಟಕ್ಕೇ ನಡೆದರು. ಬೇಲಿ ಕಿತ್ತು ನೋಡಿದರೆ ಏರಿ ಇತ್ತು. ಒಂದು ಮಗ್ಗುಲಿಗೆ ಹಳ್ಳ ತುಂಬಿ ಗುಡುಗುತ್ತಿತ್ತು, ಇನ್ನೊಂದು ಮಗ್ಗುಲಿಗೆ ಕಬ್ಬು ನೆಮ್ಮದಿಯಾಗಿ ತಲೆದೂಗುತ್ತಿತ್ತು. ಗಾಣಿಗರ ಹೆಂಗಸೊಬ್ಬಳು ಅದನ್ನು ನೋಡಿ ಕೂತುಬಿಟ್ಟಳು. ಕಬ್ಬಿನ ಆಸೆಗೆ ಒಬ್ಬ ಮಾಡಿದ ಕೆಲಸ. ಮೂರು ವರ್ಷ ಊರವರು ಬೈದದ್ದು ಪಕ್ಕದ ಕೇರಿಯವರನ್ನು.

"ಒಡೀರಿ ಈ ಏರಿನ! ಈಗಲೇ!" ರಾಜ ಕೂಗಿದ.

"ತಡೀರಿ ಬುದ್ಧೀ," ಅಂದಳು ಸಂಕವ್ವ. "ಹಳ್ಳ ತುಂಬಿದೆ. ಈಗ ಒಡೆದರೆ ನೀರೆಲ್ಲ ಒಂದೇ ಸಲಕ್ಕೆ ನುಗ್ಗಿ ಕೆರೆ ಕೆಳಗಿನ ಹಳ್ಳಿ ಕೊಚ್ಚಿಹೋಗುತ್ತೆ. ನಮ್ಮ ಅಳು ಅವರಿಗೆ ದಾಟಿಸಬೇಕಾ?"

ರಾಜನ ಬಾಯಲ್ಲಿದ್ದ ಆಜ್ಞೆ ಬಾಯಲ್ಲೇ ನಿಂತಿತು. "ಮತ್ತೆ ಹೇಗೆ ಮಾಡೋದಮ್ಮಾ?" ಅಂತ ಕೇಳಿದ. ಕೇಳಿ, ಪೂರ್ತಿ ಕೇಳಿಸಿಕೊಂಡ.

ಮಳೆಗಾಲ ಮುಗಿಯುವವರೆಗೆ ಕಾದರು. ಮೊದಲು ಕೆರೆಯ ಹೂಳು ತೆಗೆದರು, ಆಮೇಲೆ ಕೆಳಗಿನ ಹಳ್ಳಿಗೆ ತೊಂದರೆಯಾಗದ ಹಾಗೆ ಹೆಚ್ಚಾದ ನೀರು ಹರಿದುಹೋಗಲು ಕೋಡಿ ಕಟ್ಟಿದರು, ಕೊನೆಗೆ ಏರಿ ಬಿಡಿಸಿ ಹಳ್ಳದ ದಾರಿ ತೆರೆದರು. ಮಂತ್ರಿ ಪದವಿ ಕಳೆದುಕೊಂಡ ನಾಗರಸಯ್ಯ ಎಲ್ಲರ ಜೊತೆ ಮಣ್ಣು ಹೊತ್ತ. ಅವನ ಧೋತ್ರವನ್ನು ಅವನೇ ಒಗೆದುಕೊಂಡ.

ಮುಂದಿನ ಮಳೆಗೆ ಊರಿಗೂರೇ ದಂಡೆ ಮೇಲೆ ನಿಂತು ಕಾಯಿತು. ಕೆಂಪು ನೀರು ಸುತ್ತಿ ಸುಳಿದು ಬಂತು, ತಿರುವಿನಲ್ಲಿ ಒಂದು ಕ್ಷಣ ನಿಂತ ಹಾಗಾಯಿತು, ಆಮೇಲೆ ಕೆರೆಯ ಕಡೆ ಹೊರಳಿತು. ಕುಂಬಾರರು ನೇಕಾರರ ಹೆಗಲ ಮೇಲೆ ಕೈಹಾಕಿ ನಕ್ಕರು.

ಇಷ್ಟು ತಿಳ್ಕೊಳ್ಳಿ ಮಕ್ಕಳೇ. ಒಬ್ಬರ ಕಷ್ಟವನ್ನು ಪಕ್ಕದವರ ಅಂಗಳಕ್ಕೆ ತಳ್ಳಿದರೆ ಅದು ಪರಿಹಾರ ಅಲ್ಲ. ಊರಿಗೊಂದು ಕಟ್ಟಳೆ ಮಾಡುವವರು ಮೊದಲು ಏನಿತ್ತು ಅಂತ ವಿಚಾರಿಸಬೇಕು, ಮುಂದೆ ಏನಾಗುತ್ತೆ ಅಂತ ಎಣಿಸಬೇಕು, ಅದರ ಪೆಟ್ಟು ಯಾರ ಮೇಲೆ ಬೀಳುತ್ತೋ ಅವರನ್ನು ಕೇಳಬೇಕು. ಆಮೇಲೆ ಬಾಯಿ ತೆರೆಯಬೇಕು.