ಸೊಪ್ಪಿನವಳ ಬೋಣಿ

"ತಾತ, ಸ್ವಲ್ಪವೇ ಬಂಡವಾಳ ಇಟ್ಟುಕೊಂಡು ವ್ಯಾಪಾರಕ್ಕೆ ಇಳಿದವನ ದುಡ್ಡನ್ನು ಮೊದಲು ತಿನ್ನುವವರು ಯಾರು?"

ಹೊನ್ನೂರಪ್ಪ ಹೀಗೆ ಕೇಳಿದಾಗ ಮಾರೆಪ್ಪ ತಾತ ಮಾರುಕಟ್ಟೆಯ ತೂಕದ ಕಟ್ಟೆಯ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದ. ತಾತ ನಲವತ್ತು ವರ್ಷ ಅದೇ ಮಾರುಕಟ್ಟೆಯಲ್ಲಿ ಮೂಟೆ ಹೊತ್ತವನು. ಮೂಟೆಗಳ ಮೇಲೆ ಬರೆದ ಅಕ್ಷರ ನೋಡಿ ನೋಡಿ ಓದು ಕಲಿತವನು. ಈಗ ಮಧ್ಯಾಹ್ನದ ಬಿಡುವಿನಲ್ಲಿ ಹಮಾಲರಿಗೆ ಓದು ಬರಹ ಹೇಳಿಕೊಡುತ್ತಿದ್ದ. ಹಮಾಲರು ಅವನನ್ನು ಗುರು ಎಂದು ನಂಬಿದ್ದರು. ಆದರೆ ಯಾರಾದರೂ 'ನೀವು' ಎಂದು ಕರೆದರೆ ಅವನು ರೇಗುತ್ತಿದ್ದ.

ಹೊನ್ನೂರಪ್ಪ ಹನ್ನೊಂದು ವರ್ಷ ಹೋಟೆಲಿನಲ್ಲಿ ಲೋಟ ತೊಳೆದು, ಈಗಷ್ಟೇ ಅದನ್ನು ಬಿಟ್ಟಿದ್ದ. ಒಂದು ಹಳೆಯ ತಳ್ಳುಗಾಡಿ, ಒಂದು ಸ್ಟವ್, ಒಂದು ಕೆಟಲ್ ಕೊಂಡಿದ್ದ. ಗಾಡಿ ಸಿದ್ಧವಾಗಿ ಆರು ದಿನ ಆಗಿತ್ತು. ಇನ್ನೂ ಒಲೆ ಹೊತ್ತಿರಲಿಲ್ಲ. ವಾರ್ಡಿನ ಕೌನ್ಸಿಲರ್ ತಾನೇ ಬಂದು ಮೊದಲ ಚಹಾ ಕುಡಿಯುವುದಾಗಿ ಹೇಳಿದ್ದ, ಅವನಿಗೆ ಪುರುಸೊತ್ತು ಆಗಿರಲಿಲ್ಲ. ಹಾಲು ಸಕ್ಕರೆಗೆಂದು ಎತ್ತಿಟ್ಟ ದುಡ್ಡು ಅಷ್ಟರಲ್ಲಿ ಮನೆಯ ಖರ್ಚಿಗೆ ಕರಗುತ್ತಿತ್ತು. ಇದನ್ನೆಲ್ಲ ತಾತನಿಗೆ ಹೇಳಿಕೊಂಡ ಮೇಲೆಯೇ ಅವನು ಆ ಪ್ರಶ್ನೆ ಕೇಳಿದ್ದು.

"ಯಾರು ತಿಂತಾರೆ, ನೀನೇ ಹೇಳು," ಎಂದ ತಾತ.

"ಪೊಲೀಸನೇ?"

"ಅವನು ವ್ಯಾಪಾರ ಕುದುರಿದ ಮೇಲೆ ಬರ್ತಾನೆ."

"ಹಾಗಾದರೆ ಬಡ್ಡಿಯವನು."

"ಅವನಿಗೆ ನಿನ್ನ ಬಂಡವಾಳ ಜೀವಂತ ಇರಬೇಕಪ್ಪ. ಎಮ್ಮೆ ಸತ್ತರೆ ಅವನು ದಿನಾ ಹಾಲು ಕರೆಯೋದು ಯಾರ ಹತ್ರ?"

"ಮತ್ತೆ ಯಾರು ತಾತ?"

ತಾತ ಎಲೆಯನ್ನು ಬಾಯಿಗೆ ಹಾಕಿಕೊಂಡು ಕತೆ ಶುರು ಮಾಡಿದ.

ಒಂದು ಊರಿನಲ್ಲಿ ಒಬ್ಬಳು ವಿಧವೆ ಇದ್ದಳು. ಗಂಡ ಸತ್ತ ಮೇಲೆ ಅವಳ ಪಾಲಿಗೆ ಉಳಿದದ್ದು ಒಂದು ಮೇಕೆ. ಅದನ್ನು ಮಾರಿದಳು. ಬಂದ ದುಡ್ಡಿಗೆ ಒಂದು ಬುಟ್ಟಿ ಸೊಪ್ಪು ಬರುತ್ತಿತ್ತು, ಎರಡು ಬುಟ್ಟಿ ಬರುತ್ತಿರಲಿಲ್ಲ. ಬೆಳಗಿನ ಜಾವ ತೋಟದವರ ಹತ್ತಿರ ಕೊಳ್ಳಬೇಕು, ಬಿಸಿಲು ಏರುವುದರೊಳಗೆ ಮಾರಬೇಕು. ಇವತ್ತು ಮಾರಿದ ದುಡ್ಡೇ ನಾಳೆಯ ಬುಟ್ಟಿ. ಒಂದು ಬುಟ್ಟಿ ಬಾಡಿತೆಂದರೆ ಮೇಕೆಯೂ ಹೋಯಿತು, ವ್ಯಾಪಾರವೂ ಹೋಯಿತು. ಅವಳ ಬಂಡವಾಳ ಅಷ್ಟೇ, ಅದರ ಆಯಸ್ಸು ಅರ್ಧ ದಿನ.

ಮೊದಲ ದಿನ ಅವಳು ಮಾರುಕಟ್ಟೆಯ ಮೂಲೆಯಲ್ಲಿ ಗೋಣಿ ಹಾಸಿ ಮೆಂತ್ಯ, ಪಾಲಕ್, ಪುಂಡಿ ಎಂದು ಬೇರೆ ಬೇರೆ ಜೋಡಿಸಿದಳು. ಎಲ್ಲರಿಗಿಂತ ಮೊದಲು ಬಂದವಳು ಆ ಬೀದಿಯ ಕಸ ಗುಡಿಸುವವಳು. ನಸುಕಿನಲ್ಲೇ ಗುಡಿಸಿ ಮುಗಿಸಿ, ಪೊರಕೆಯನ್ನು ಗೋಡೆಗೆ ಒರಗಿಸಿ, ಕೈ ತೊಳೆದುಕೊಂಡು ಬಂದಿದ್ದಳು. ಮುಷ್ಟಿಯಲ್ಲಿ ಚಿಲ್ಲರೆ ಇತ್ತು.

"ಎರಡು ಕಟ್ಟು ಮೆಂತ್ಯ ಕೊಡವ್ವ," ಎಂದಳು.

ಸೊಪ್ಪಿನವಳು ಕಟ್ಟಿಗೆ ಕೈ ಹಾಕಿದಳು. ಪಕ್ಕದಲ್ಲಿ ಕೂತಿದ್ದ ಈರುಳ್ಳಿಯವನು ತಟ್ಟನೆ ಕೆಮ್ಮಿದ. ಹತ್ತಿರ ಸರಿದು, ಅವಳ ಕಿವಿಗೆ ಬೀಳುವಷ್ಟೇ ದನಿಯಲ್ಲಿ ಬುದ್ಧಿ ಹೇಳಿದ. ದಿನದ ಮೊದಲ ಮಾರಾಟ ಎಂದರೆ ಬೋಣಿ. ಬೋಣಿ ಯಾರ ಕೈಯಿಂದ ಆಗುತ್ತದೋ ದಿನವೆಲ್ಲ ಆ ಕೈಯ ಹಾಗೆಯೇ ನಡೆಯುತ್ತದೆ. ಕಸ ಗುಡಿಸುವವಳ ಕೈ ಬಿದ್ದರೆ ಬುಟ್ಟಿಯೂ ಕಸವೇ. ಎದುರಿನ ಜವಳಿ ಅಂಗಡಿಯ ಸಾಹುಕಾರನ ಕೈ ಭಾರೀ ಕೈ. ಅವನು ಬರುವ ತನಕ ಕಾಯಬೇಕು.

ಸೊಪ್ಪಿನವಳು ಕೈ ಹಿಂದಕ್ಕೆ ತೆಗೆದುಕೊಂಡಳು. "ಬೋಣಿ ಆಗಿಲ್ಲವ್ವ, ಆಮೇಲೆ ಬಾ," ಎಂದಳು.

ಇದರಲ್ಲಿ ತಪ್ಪೇನಾದರೂ ಇದೆ ಎಂದು ಅವಳಿಗೆ ಅನ್ನಿಸಲಿಲ್ಲ. ಅನ್ನಿಸಬೇಕಿತ್ತು. ಬೆಳಿಗ್ಗೆ ಮನೆಯಿಂದ ಹೊರಡುವಾಗ ಅವಳು ಸಂದಿಯಲ್ಲಿ ತಲೆ ತಗ್ಗಿಸಿ ನಡೆಯುತ್ತಿದ್ದಳು, ಕೆಲಸಕ್ಕೆ ಹೊರಟವರಿಗೆ ವಿಧವೆಯ ಮುಖ ಎದುರಾಗಬಾರದು ಎಂದು. ಬುದ್ಧಿ ಹೇಳಿದ ಅದೇ ಈರುಳ್ಳಿಯವನು ತನ್ನ ಬೋಣಿ ಆಗುವ ತನಕ ಅವಳಿಗೆ ಒಂದು ಈರುಳ್ಳಿಯನ್ನೂ ಕೊಡುತ್ತಿರಲಿಲ್ಲ. ತನ್ನ ತಲೆಯ ಮೇಲೆ ಕಾಲಿಟ್ಟವರ ಕಾಲು ಅವಳಿಗೆ ಭಾರ ಅನ್ನಿಸುತ್ತಿರಲಿಲ್ಲ. ತನಗೂ ಕಾಲಿಡಲು ಒಂದು ತಲೆ ಸಿಕ್ಕಿತಲ್ಲ, ಅಷ್ಟು ಸಾಕಾಗಿತ್ತು.

ಸಾಹುಕಾರ ಬಂದ. ಅವಳು ಕರೆದಳು. ಅವಳು ಹೇಳಿದ ಬೆಲೆಗೇ ಅವನು ಎರಡು ಕಟ್ಟು ಕೊಂಡ. ಆಮೇಲೆ ಜನ ಮುಗಿಬಿದ್ದರು, ಹೊತ್ತೇರುವುದರೊಳಗೆ ಬುಟ್ಟಿ ಖಾಲಿ. ಅವತ್ತು ಸಂತೆಯ ದಿನ. ಅವತ್ತು ಮಾರುಕಟ್ಟೆಯಲ್ಲಿ ಎಲ್ಲರ ಬುಟ್ಟಿಯೂ ಖಾಲಿಯಾಗಿತ್ತು. ಅವಳು ಬೇರೆಯವರ ಬುಟ್ಟಿ ನೋಡಲಿಲ್ಲ. ಸಾಹುಕಾರನ ಕೈ ನೋಡಿದಳು.

ಹೊನ್ನೂರಪ್ಪ ಇಲ್ಲಿ ಬಾಯಿ ಹಾಕಿದ. "ಸಂತೆ ಇಲ್ಲದ ದಿನ ಏನಾಯ್ತು ತಾತ? ಆ ಕೈ ನಡೀತಾ?"

"ಒಂದೊಂದು ದಿನ ಮಾರಾಟ ಆಯ್ತು, ಒಂದೊಂದು ದಿನ ಆಗಲಿಲ್ಲ. ಆದ ದಿನ, ನೋಡಿದಿರಾ ಕೈಗುಣ ಅಂದಳು. ಆಗದ ದಿನ, ಇವತ್ತು ಯಾಕೋ ಸಾಹುಕಾರರ ಮುಖ ಗಂಟಿಕ್ಕಿತ್ತು ಅಂದಳು. ಹೀಗೆ ಲೆಕ್ಕ ಹಿಡಿದರೆ ಕತ್ತೆಯ ಬಾಲಕ್ಕೂ ಕೈಗುಣ ಬರುತ್ತೆ."

ತಾತ ಉಗಿದು ಬಂದು ಮತ್ತೆ ಕೂತ. ಕತೆ ಮುಂದುವರಿಸಿದ.

ತನ್ನ ಕೈಗೆ ಇಂಥ ಬೆಲೆ ಇದೆ ಎಂದು ಸಾಹುಕಾರನಿಗೆ ತಿಳಿಯಲು ಬಹಳ ದಿನ ಬೇಕಾಗಲಿಲ್ಲ. ಎರಡನೆಯ ವಾರ ಅವನು ಎರಡು ಕಟ್ಟಿನ ಬೆಲೆಗೆ ಮೂರು ಕೇಳಿದ. ಮೂರನೆಯ ವಾರ ಅರ್ಧ ಬೆಲೆಗೆ ಕೇಳಿದ. ಬೋಣಿಯ ಹೊತ್ತಿನಲ್ಲಿ ಇಲ್ಲ ಎನ್ನಬಾರದು ಎಂಬ ಮಾತು ಬೇರೆ ಇದೆಯಲ್ಲ, ಅವಳು ಇಲ್ಲ ಎನ್ನಲಿಲ್ಲ. ಕಡೆಗೆ ಒಂದೇ ನಾಣ್ಯ ಗೋಣಿಯ ಮೇಲೆ ಎಸೆದು, ಚೆನ್ನಾಗಿರುವುದನ್ನೇ ಆರಿಸಿ, ಚೀಲ ತುಂಬ ಹಾಕಿಸಿಕೊಂಡು ಹೋಗತೊಡಗಿದ. ಬರುವುದೂ ತಡವಾಯಿತು. ಮಿಂದು, ಪೂಜೆ ಮಾಡಿ, ತಿಂಡಿ ತಿಂದು, ಹಲ್ಲಿಗೆ ಕಡ್ಡಿ ಹಾಕಿಕೊಳ್ಳುತ್ತ ಬರುತ್ತಿದ್ದ. ಅವನು ಬರುವ ತನಕ ಯಾವ ಹಗುರ ಕೈಯೂ ಸೊಪ್ಪಿಗೆ ತಾಗದಂತೆ ಅವಳು ಕಾಯುತ್ತಿದ್ದಳು.

ವ್ಯಾಪಾರ ಮಾಡುತ್ತಿದ್ದವಳು ಅವಳಲ್ಲ, ಸಾಹುಕಾರ. ಕೈಗುಣ ಎಂಬುದು ಅವನ ಬಂಡವಾಳ. ಅದಕ್ಕೆ ಅವನು ಮೇಕೆ ಮಾರಿರಲಿಲ್ಲ, ನಸುಕಿನಲ್ಲಿ ಎದ್ದಿರಲಿಲ್ಲ, ಒಂದು ಕಾಸೂ ಹಾಕಿರಲಿಲ್ಲ.

ಕಸ ಗುಡಿಸುವವಳು ದಿನವೂ ಬಂದು ದೂರ ನಿಲ್ಲುತ್ತಿದ್ದಳು.

"ಆಗೈತೇನಕ್ಕ ಬೋಣಿ?"

"ಇಲ್ಲ ಕಣವ್ವ. ಆಮೇಲೆ ಬಾ."

"ಆಮೇಲೆ ಅಂದರೆ ನಾನು ಮನೆಗೆ ಹೋಗಿರ್ತೀನಿ, ಒಲೆ ಹಚ್ಚಿರ್ತೀನಿ. ಅಲ್ಲಕ್ಕ, ನಾನು ಗುಡಿಸಿದ ನೆಲದ ಮೇಲೇ ಗೋಣಿ ಹಾಸಿ ಕೂತಿದ್ದೀಯ. ನೆಲಕ್ಕೆ ನನ್ನ ಕೈ ಆಗುತ್ತೆ, ಸೊಪ್ಪಿಗೆ ಆಗಲ್ವಾ?"

ಈರುಳ್ಳಿಯವನು ನಗುತ್ತಿದ್ದ. ಸೊಪ್ಪಿನವಳು ಮುಖ ತಿರುಗಿಸಿ ಕಟ್ಟುಗಳನ್ನು ಮತ್ತೆ ಜೋಡಿಸುತ್ತಿದ್ದಳು. ಗುಡಿಸುವವಳು ಪೊರಕೆ ಎತ್ತಿಕೊಂಡು, ಮಾರುಕಟ್ಟೆಯ ಆಚೆ ತುದಿಯ ಇನ್ನೊಬ್ಬಳ ಹತ್ತಿರ ಸೊಪ್ಪು ಕೊಂಡು ಮನೆಗೆ ಹೋಗುತ್ತಿದ್ದಳು.

ಒಂದು ದಿನ ಸಾಹುಕಾರ ಬರಲಿಲ್ಲ. ನೆಂಟರ ಮನೆಯ ಮದುವೆಗೆ ಪರ ಊರಿಗೆ ಹೋಗಿದ್ದ. ಸೊಪ್ಪಿನವಳಿಗೆ ಹೇಳಿ ಹೋಗಬೇಕು ಎಂದು ಅವನಿಗೆ ಯಾಕೆ ಅನ್ನಿಸಬೇಕು? ಅವಳು ಕಾದಳು. ಕೊಳ್ಳಲು ಬಂದವರಿಗೆ "ಈಗ ಬಂದುಬಿಡ್ತಾರೆ, ಐದು ನಿಮಿಷ ನಿಲ್ಲಿ," ಎಂದಳು. ಸೊಪ್ಪಿಗಾಗಿ ಯಾರು ನಿಲ್ಲುತ್ತಾರೆ? ನಡೆದರು. ಬಿಸಿಲು ಗೋಣಿಯ ಅಂಚಿಗೆ ಬಂತು. ನೀರು ಚಿಮುಕಿಸಿದಳು. ಬಿಸಿಲು ಸೊಪ್ಪಿನ ಮೇಲೆ ಬಂತು. ಮತ್ತೆ ಚಿಮುಕಿಸಿದಳು. ಕಡೆಗೆ ವಿಧಿಯಿಲ್ಲದೆ ಮಾರಲು ಕೂತಾಗ ಮೆಂತ್ಯ ತಲೆ ಬಗ್ಗಿಸಿತ್ತು, ಪಾಲಕ್ ಒದ್ದೆ ಬಟ್ಟೆಯಂತೆ ಬಿದ್ದಿತ್ತು. ಅರ್ಧ ಬುಟ್ಟಿ ಹಸುವಿನ ಪಾಲಾಯಿತು.

ಮರುದಿನ ಅವಳ ಹತ್ತಿರ ಅರ್ಧ ಬುಟ್ಟಿಗೆ ಮಾತ್ರ ದುಡ್ಡಿತ್ತು. ಅವತ್ತೂ ಸಾಹುಕಾರ ಬರಲಿಲ್ಲ. ಅವತ್ತೂ ಕಾದಳು. ಮೂರನೆಯ ದಿನ ಬುಟ್ಟಿ ಬೇಕಾಗಲಿಲ್ಲ, ಸೊಪ್ಪು ಸೆರಗಿನಲ್ಲೇ ಹಿಡಿಯಿತು. ಆರು ಕಟ್ಟು. ಮೇಕೆ ಕೊಟ್ಟು ಕೊಂಡ ವ್ಯಾಪಾರದಲ್ಲಿ ಉಳಿದದ್ದು ಆರು ಕಟ್ಟು ಮೆಂತ್ಯ.

ಅವತ್ತು ಕಸ ಗುಡಿಸುವವಳು ಒಬ್ಬಳೇ ಬರಲಿಲ್ಲ. ಅವಳ ಜೊತೆ ಗುಡಿಸುವ ಐವರು ಹೆಂಗಸರೂ ಬಂದಿದ್ದರು. ಆಚೆ ತುದಿಯ ಸೊಪ್ಪಿನವಳು ಅವತ್ತು ಬಂದಿರಲಿಲ್ಲ.

"ಆಗೈತೇನಕ್ಕ ಬೋಣಿ?"

ಸೊಪ್ಪಿನವಳು ಆರು ಕಟ್ಟನ್ನು ನೋಡಿದಳು. ಆರು ಜನರನ್ನು ನೋಡಿದಳು. ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಬೀದಿಯ ಆ ತುದಿಯಲ್ಲಿ ಸಾಹುಕಾರ ಕಂಡ. ಮದುವೆ ಮುಗಿಸಿ ಬಂದಿದ್ದ, ಅಂಗಡಿ ಎರಡು ದಿನ ಮುಚ್ಚಿತ್ತೆಂದು ಅವತ್ತು ಬೇಗ ಹೊರಟಿದ್ದ. ನಿಧಾನವಾಗಿ, ಕೈ ಬೀಸಿಕೊಂಡು ಬರುತ್ತಿದ್ದ.

"ಒಂದು ನಿಮಿಷ ತಡಿಯವ್ವ," ಎಂದಳು ಸೊಪ್ಪಿನವಳು. ನಾಲಗೆಗೆ ಅಷ್ಟು ರೂಢಿಯಾಗಿತ್ತು.

ಸಾಹುಕಾರ ಬಂದು ಗೋಣಿಯನ್ನು ನೋಡಿ ನಕ್ಕ. "ಏನವ್ವ, ಎರಡು ದಿನ ನಾನಿಲ್ಲ ಅನ್ನೋಷ್ಟರಲ್ಲಿ ಇಷ್ಟು ಸೊರಗಿಬಿಟ್ಟಿದ್ದೀಯ? ನೋಡು, ನನ್ನ ಕೈ ಇಲ್ಲದಿದ್ದರೆ ಹೀಗೇ. ಹಾಕು, ಎಲ್ಲ ಹಾಕು." ಚೀಲ ಅಗಲಿಸಿ, ಎಂದಿನಂತೆ ಒಂದು ನಾಣ್ಯ ಎಸೆದ.

ಅವಳ ಕೈ ತಾನಾಗಿಯೇ ಹಾಕಿತು. ಒಂದು ಕಟ್ಟು ಹೋಯಿತು. ಎರಡು ಹೋಯಿತು. ಮೂರು ಹೋಯಿತು.

ಗುಡಿಸುವವಳು ಅಲ್ಲೇ ನಿಂತು ನೋಡುತ್ತಿದ್ದಳು. "ಹಾಕಕ್ಕ, ಹಾಕು," ಎಂದಳು. "ನಾಳೆ ನನ್ನ ಹತ್ರ ಬಾ. ನಮ್ಮ ಸಾಲಿನಲ್ಲಿ ಒಂದು ಪೊರಕೆ ಹೆಚ್ಚಿಗೆ ಐತೆ. ಹಿಡಿಯೋಕೆ ಕೈ ಹುಡುಕ್ತಾ ಇದ್ದೀವಿ."

ಐವರೂ ನಕ್ಕರು. ಈ ಸಲ ಈರುಳ್ಳಿಯವನು ನಗಲಿಲ್ಲ.

ಸೊಪ್ಪಿನವಳ ಕೈ ನಾಲ್ಕನೆಯ ಕಟ್ಟಿನ ಮೇಲೆ ನಿಂತಿತು. ಇದೂ ಹೋದರೆ ನಾಳೆ ತೋಟದವರ ಮುಂದೆ ಬರಿಗೈಯಲ್ಲಿ ನಿಲ್ಲಬೇಕು. ಅದು ಅವಳಿಗೆ ಆಗ ಕಂಡಿತು. ಇಷ್ಟು ದಿನ ಕಣ್ಣ ಮುಂದೆಯೇ ಇದ್ದದ್ದು ಆಗ ಕಂಡಿತು. ಅವಳು ಎದ್ದು ನಿಂತು ಸಾಹುಕಾರನ ಚೀಲಕ್ಕೆ ಕೈ ಹಾಕಿ ಮೂರು ಕಟ್ಟನ್ನೂ ಹೊರಗೆ ತೆಗೆದಳು. ನಾಣ್ಯವನ್ನು ಚೀಲದೊಳಗೆ ಹಾಕಿದಳು.

"ಬೋಣಿಯ ಹೊತ್ತಿನಲ್ಲಿ ವಾಪಸ್ ಕೊಡ್ತೀಯಾ? ಹಾಳಾಗಿ ಹೋಗ್ತೀಯ!" ಎಂದ ಸಾಹುಕಾರ.

"ಆಗಿರೋದಕ್ಕಿಂತ ಇನ್ನೇನು ಆಗ್ಲಿ ಯಜಮಾನರೇ," ಎಂದಳು ಅವಳು. ಗುಡಿಸುವವಳ ಕಡೆಗೆ ತಿರುಗಿದಳು. "ಬಾರವ್ವ."

ಗುಡಿಸುವವಳು ಪೂರ್ತಿ ಬೆಲೆ ಕೊಟ್ಟು ಒಂದು ಕಟ್ಟು ತೆಗೆದುಕೊಂಡಳು. ಉಳಿದ ಐವರೂ ಒಂದೊಂದು ತೆಗೆದುಕೊಂಡರು. ಬಿಸಿಲು ಇನ್ನೂ ಗೋಡೆಯಿಂದ ಇಳಿದಿರಲಿಲ್ಲ, ಗೋಣಿ ಖಾಲಿಯಾಗಿತ್ತು. ಮೂರು ದಿನದಲ್ಲಿ ಮೊದಲ ಸಲ ಅವಳು ಬಾಡದ ಸೊಪ್ಪು ಮಾರಿದ್ದಳು. ಅವತ್ತು ಅವಳು ಮನೆಗೆ ಹೋಗುವಾಗ ಸಂದಿ ಬಿಟ್ಟು ನಡುಬೀದಿಯಲ್ಲಿ ನಡೆದಳು.

ತಾತ ಕತೆ ನಿಲ್ಲಿಸಿದ. ಹೊನ್ನೂರಪ್ಪನಿಗೆ ಕೂತಲ್ಲಿ ಕೂರಲಾಗಲಿಲ್ಲ. ಅವನ ಮುಖ ಅರಳಿತ್ತು. ತನ್ನ ಪ್ರಶ್ನೆಗೆ ಉತ್ತರ ಸಿಕ್ಕಿತೆಂದು ಅವನಿಗೆ ಖಾತ್ರಿಯಾಗಿತ್ತು.

"ಗೊತ್ತಾಯ್ತು ತಾತ! ಬಂಡವಾಳ ತಿನ್ನೋನು ಆ ಸಾಹುಕಾರ. ಅವನದು ಸುಳ್ಳು ಕೈ. ನಿಜವಾದ ಕೈಗುಣ ಇದ್ದದ್ದು ಆ ಕಸ ಗುಡಿಸುವವಳಿಗೆ. ಅಲ್ವಾ?"

ತಾತ ಕಟ್ಟೆಯಿಂದ ಇಳಿದು ಪಂಚೆ ಕೊಡವಿದ.

"ಅವಳೂ ಹಾಗೇ ಅಂದುಕೊಂಡಳಪ್ಪ. ಮರುದಿನ ಆ ಗುಡಿಸುವವಳು ಬರೋದು ತಡವಾಯ್ತು. ಅವಳು ಬರುವ ತನಕ ಬಂದ ಗಿರಾಕಿಗಳನ್ನೆಲ್ಲ 'ಬೋಣಿ ಆಗಿಲ್ಲ, ಆಮೇಲೆ ಬನ್ನಿ' ಅಂತ ವಾಪಸ್ ಕಳಿಸಿದಳು."

ಹೊನ್ನೂರಪ್ಪ ಎದ್ದು, ಆರು ದಿನದಿಂದ ಹೊತ್ತದೆ ನಿಂತಿದ್ದ ತನ್ನ ಗಾಡಿಯ ಒಲೆಯ ಕಡೆಗೆ ನಡೆದ.